ಶಾಸನದ ಕಾಲ, ಸಂಶೋಧಕರ ಗಡುವು

ಹರಿಹರದ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ. ಇದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಯಾವಾಗ? ಒಂದು ಪುಸ್ತಕ ತೆರೆದರೆ 1223 ಎಂದಿದೆ, ಇನ್ನೊಂದರಲ್ಲಿ 1224. ದೇವರ ದರ್ಶನಕ್ಕೆ ಬಂದವರಿಗೆ ಈ ಒಂದು ವರ್ಷದಿಂದ ಆಗಬೇಕಾದ್ದೇನೂ ಇಲ್ಲ. ದಾವಣಗೆರೆಯಲ್ಲಿ ಬಾಡಿಗೆ ಕೋಣೆ ಹಿಡಿದು ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿಗೆ ಮಾತ್ರ ಅದು ಒಂದು ವಾರದ ದುಡಿಮೆಯಾಗಬಹುದು.

ಸಂಶೋಧನೆ ಎಂದರೆ ಹೊಸದನ್ನು ಕಂಡುಹಿಡಿಯುವುದು ಎಂದು ನಾವು ಭಾವಿಸುತ್ತೇವೆ. ದಿನನಿತ್ಯದಲ್ಲಿ ಅದು ಬಹುಮಟ್ಟಿಗೆ ಹಳೆಯದನ್ನು ಮತ್ತೆ ಪರೀಕ್ಷಿಸುವ ಕೆಲಸ. ಶಾಸನದ ವಿಷಯವನ್ನೇ ನೋಡಿ. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ 11ನೇ ಸಂಪುಟದಲ್ಲಿ ಅಂದಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಅದರಲ್ಲಿ ಹರಿಹರದ ಶಾಸನಗಳು ಸಿಗುವುದು ದಾವಣಗೆರೆ ತಾಲ್ಲೂಕಿನ ಅಡಿಯಲ್ಲಿ. ಹರಿಹರ ಈಗ ಪ್ರತ್ಯೇಕ ತಾಲ್ಲೂಕು. ದಾವಣಗೆರೆ 1997ರಲ್ಲಿ ಜಿಲ್ಲೆಯಾಯಿತು. ಹೊಸಬರಿಗೆ ಪುಟ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ಅಚ್ಚಾದ ಪಾಠದಲ್ಲಿ ಅನುಮಾನ ಬಂದರೆ ಕಲ್ಲಿನ ಬಳಿಗೇ ಹೋಗಬೇಕು. ಹರಿಹರಕ್ಕೆ ಬಸ್ಸಿನಲ್ಲಿ ಸುಮಾರು 14 ಕಿ.ಮೀ. ದೇವಾಲಯ ಸಂರಕ್ಷಿತ ಸ್ಮಾರಕವಾದ್ದರಿಂದ ಪಡಿಯಚ್ಚು ತೆಗೆಯಲು ಮೊದಲು ಅನುಮತಿ ಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಕಾಗದ ಅಕ್ಷರದ ಗುಣಿಗಳಿಗೆ ಇಳಿಯುವವರೆಗೆ ಬ್ರಷ್‌ನಿಂದ ಬಡಿಯಬೇಕು. ಅದು ಆರುತ್ತ ಬಂದಾಗ ಮಸಿ ಒತ್ತಿದರೆ ಕಪ್ಪು ಹಾಳೆಯಲ್ಲಿ ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಅಂದು ಬಿಸಿಲು ಹೆಚ್ಚಿದ್ದರೆ ಕಾಗದ ಬೇಗ ಒಣಗಿ ಬಿಟ್ಟುಕೊಳ್ಳುತ್ತದೆ, ಮತ್ತೆ ಮೊದಲಿನಿಂದ.

ಇಷ್ಟಾದ ಮೇಲೆ ಲೆಕ್ಕ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಅದು ಅಷ್ಟು ಸುಲಭವಲ್ಲ. ಹಿಂದಿನವರು ಕೆಲವೊಮ್ಮೆ ಕಳೆದ ವರ್ಷವನ್ನು, ಕೆಲವೊಮ್ಮೆ ನಡೆಯುವ ವರ್ಷವನ್ನು ಎಣಿಸುತ್ತಿದ್ದರು. ಶಕ 1146 ಎಂದಿದ್ದರೆ ಮೊದಲ ಲೆಕ್ಕಕ್ಕೆ 1224, ಎರಡನೆಯದಕ್ಕೆ 1223. ಜೊತೆಯಲ್ಲಿ ಸಂವತ್ಸರದ ಹೆಸರಿದ್ದರೆ ಗಂಟು ಬಿಡಿಸಬಹುದು: ತಾರಣ ಎಂದಿದ್ದರೆ 1224, ಸ್ವಭಾನು ಎಂದಿದ್ದರೆ 1223. ಮಾಘ, ಫಾಲ್ಗುಣ ಮಾಸಗಳಾದರೆ ಇಸವಿ ಮತ್ತೊಂದು ವರ್ಷ ಮುಂದಕ್ಕೆ ಹೋಗುತ್ತದೆ. ತಿಥಿ, ವಾರಗಳನ್ನು ಸ್ವಾಮಿಕಣ್ಣು ಪಿಳ್ಳೆ ಅವರ 'ಇಂಡಿಯನ್ ಎಫಿಮೆರಿಸ್' ಕೋಷ್ಟಕಗಳೊಂದಿಗೆ ತಾಳೆ ನೋಡಬೇಕು. ಕಲ್ಲಿನಲ್ಲಿ 'ಸೋಮವಾರ' ಎಂದಿದ್ದು ಲೆಕ್ಕಕ್ಕೆ ಮಂಗಳವಾರ ಬಂದರೆ ಇನ್ನೊಂದು ದಿನ ಹೋಯಿತು.

ಕಲ್ಲಿಗೆ ಅವಸರವಿಲ್ಲ, ವಿದ್ಯಾರ್ಥಿಗೆ ಉಂಟು. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೆರಡು ವರ್ಷಗಳ ವಿನಾಯಿತಿ ದೊರೆಯಬಹುದು. ಕೋರ್ಸ್‌ವರ್ಕ್, ಅದರ ಪರೀಕ್ಷೆ ಎಲ್ಲವೂ ಇದರೊಳಗೇ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿತು. ಆದರೆ ಅದು ಎಲ್ಲರಿಗೂ ಸಿಗುವುದಿಲ್ಲ. ಸಿಗದವರಲ್ಲಿ ಅನೇಕರು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ, ರಾತ್ರಿ ಹೊತ್ತು ಅಧ್ಯಾಯ ಬರೆಯುತ್ತಾರೆ. ಮದುವೆ ಮನೆಗೆ ಹೋದರೆ, "ಏನವ್ವಾ, ಇನ್ನೂ ಓದು ಮುಗೀಲಿಲ್ಲೇನು?" ಎಂಬ ಪ್ರಶ್ನೆ ಕಾದಿರುತ್ತದೆ.

ಹಾಗಾದರೆ ಸಿಕ್ಕ ಇಸವಿ ಬರೆದು ಮುಂದೆ ಹೋಗಬಾರದೇ? ಹೋಗಬಹುದು. ಆ ತಪ್ಪನ್ನು ಮುಂದಿನವರು ನಂಬಿ ಬರೆಯುತ್ತಾರೆ, ಅವರನ್ನು ನೋಡಿ ಪಠ್ಯಪುಸ್ತಕದವರು. ಆ ಸರಪಳಿ ಬೆಳೆಯದಂತೆ ತಡೆಯುವುದೇ ಸಂಶೋಧಕರ ನಿತ್ಯದ ಕೆಲಸ.

ದಾವಣಗೆರೆಯಲ್ಲಿ ಸ್ನಾತಕೋತ್ತರ ಕೇಂದ್ರ ಆರಂಭವಾದದ್ದು 1979ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ ಅದು 2009ರಲ್ಲಿ ತಾನೇ ವಿಶ್ವವಿದ್ಯಾನಿಲಯವಾಯಿತು. ಕಲ್ಲು ಒಂದೂರಲ್ಲಿ, ಅದನ್ನು ಓದಲು ಕಲಿಯುವವರು ಪಕ್ಕದೂರಲ್ಲೇ ಇರುವುದು ಸಣ್ಣ ಸೌಲಭ್ಯವಲ್ಲ.

ಮುಂದಿನ ಬಾರಿ ಹರಿಹರಕ್ಕೆ ಹೋದಾಗ ಯಾರಾದರೂ ಶಾಸನದ ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದು ಕುಳಿತಿದ್ದರೆ ಮಾತನಾಡಿಸಿ. ಸವೆದ ಅಕ್ಷರ ಕಾಣಿಸುವುದು ಆ ಓರೆ ಬೆಳಕಿನಲ್ಲೇ. ಎದುರು ನಿಂತು ನೆರಳು ಮಾತ್ರ ಬೀಳಿಸಬೇಡಿ.