ಡಿಕ್ಕಿಯಲ್ಲಿ ಪುಳಿಯೋಗರೆ, ಸೀಟಿನಡಿ ತ್ರಿಕೋನ

ರಾತ್ರಿ ಒಂಬತ್ತು. ದೇವೇಗೌಡ ಪೆಟ್ರೋಲ್ ಬಂಕಿನ ಸಿಗ್ನಲ್ಲಿನಲ್ಲಿ ಹಾರ್ನುಗಳ ಗದ್ದಲ ಇನ್ನೂ ಇಳಿದಿಲ್ಲ. ಅಲ್ಲಿಂದ ಎರಡು ತಿರುವು ಒಳಗೆ ಬಂದರೆ ಪದ್ಮನಾಭನಗರದ ಈ ಅಡ್ಡರಸ್ತೆಯಲ್ಲಿ ಡಿಸೆಂಬರ್ ಆಗಲೇ ನೆಲೆಯೂರಿದೆ: ಊಟ ಮುಗಿಸಿ ನಾಲ್ಕು ಹೆಜ್ಜೆ ಅಡ್ಡಾಡುವ ಹಿರಿಯರ ಕಿವಿಗೆ ಮಫ್ಲರ್ ಬಂದಿದೆ, ಬೀದಿನಾಯಿಗಳು ಬಿಸಿ ಆರದ ಬಾನೆಟ್ಟುಗಳನ್ನು ಹುಡುಕಿಕೊಂಡಿವೆ. ಹೊಂಗೆಮರದ ಕೆಳಗೆ ಒಂದು ಬಿಳಿ ಕಾರು, ಡಿಕ್ಕಿ ತೆರೆದು ನಿಂತಿದೆ. ಚಂಪಾಷಷ್ಠಿಯ ಜನಜಂಗುಳಿ ಕರಗಿದ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗಿಬರುವುದು ಆ ಮನೆಯ ಪದ್ಧತಿ. ಬೆಳಗಿನ ಜಾವ ನಾಲ್ಕಕ್ಕೆ ಹೊರಡುವುದು. ನೈಸ್ ರಸ್ತೆ ಹತ್ತಿ ತುಮಕೂರು ರಸ್ತೆಗಿಳಿದು, ನೆಲಮಂಗಲದಲ್ಲಿ ಎಡಕ್ಕೆ ಹೊರಳಿ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ. ಆಮೇಲೆ ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ತಿರುಗಿಕೊಳ್ಳುವುದು.

ಡಿಕ್ಕಿಗೆ ಮೊದಲು ಇಳಿದದ್ದು ಅಡುಗೆಮನೆ. ಪುಳಿಯೋಗರೆಯ ದೊಡ್ಡ ಸ್ಟೀಲ್ ಡಬ್ಬಿ, ಬಟ್ಟೆಯಲ್ಲಿ ಸುತ್ತಿದ ಚಪಾತಿ, ಚಟ್ನಿಪುಡಿ, ನಿಪ್ಪಟ್ಟು, ಬಸವನಗುಡಿ ಪರಿಷೆಯಿಂದ ತಂದು ಹುರಿದಿಟ್ಟ ಕಡಲೆಕಾಯಿ, ಕರಿದ ಅವರೆಕಾಳು. ಫ್ಲಾಸ್ಕು ಎರಡು, ಒಂದರಲ್ಲಿ ಕಾಫಿ ತುಂಬುವುದು, ಇನ್ನೊಂದರಲ್ಲಿ ಬಿಸಿನೀರು. ಮನೆಯಾಕೆಯ ಕೈಚೀಲದಲ್ಲಿ ಬೇರೆಯದೇ ಲೋಕ: ಘಾಟಿಯ ತಿರುವಿಗೆಂದು ಅವೊಮಿನ್ ಮಾತ್ರೆ, ಮೂಸಲು ನಿಂಬೆಹಣ್ಣು, ವಾಂತಿಗೆ ಪ್ಲಾಸ್ಟಿಕ್ ಕವರು, ಅಮೃತಾಂಜನ, ಯಜಮಾನರ ಬಿಪಿ-ಶುಗರ್ ಮಾತ್ರೆ ಎರಡು ದಿನಕ್ಕೆ ಹೆಚ್ಚಾಗಿಯೇ. ಇದನ್ನು ನೋಡಿ ನಗುವವರು ಶಿರಾಡಿಯಲ್ಲಿ ಅಡ್ಡಬಿದ್ದ ಟ್ಯಾಂಕರಿನ ಹಿಂದೆ ಗಂಟೆಗಟ್ಟಲೆ ನಿಂತವರಲ್ಲ. ಆಗ ಶುಗರ್ ಇದ್ದವರ ಪಾಲಿಗೆ ಈ ಪುಳಿಯೋಗರೆಯೇ ಪ್ರಥಮ ಚಿಕಿತ್ಸೆ.

ಮಗನದು ಲೋಹದ ಖಾತೆ. ಸಂಜೆಯೇ ಹೋಗಿ ನಾಲ್ಕು ಚಕ್ರದ ಜೊತೆಗೆ ಸ್ಟೆಪ್ನಿಗೂ ಗಾಳಿ ಹಿಡಿಸಿ ಬಂದಿದ್ದಾನೆ. ಸ್ಟೆಪ್ನಿಗೆ ಗಾಳಿ ನೋಡುವವರು ಅಪರೂಪ. ಜಾಕ್ ಏರಿಸಿ, ನಟ್ಟು ಬಿಚ್ಚಿ, ಕೊನೆಗೆ ಮೆತ್ತಗಿನ ಚಕ್ರ ಹೊರತೆಗೆದು ಪೆಚ್ಚಾಗುವವರೇ ಹೆಚ್ಚು. ಟೈರಿನ ಗಾಳಿ ಎಷ್ಟಿದೆಯೆಂದು ತಾನೇ ತೋರಿಸುವ ವ್ಯವಸ್ಥೆ, ಪಂಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಬೇಡ ಎಂದು 2020ರಲ್ಲೇ ಕೇಂದ್ರ ಸರ್ಕಾರ ರಿಯಾಯಿತಿ ಕೊಟ್ಟಿದೆ. ಇವರದು ಹಳೆಯ ಕಾರು. ಡಿಕ್ಕಿಯ ಹಲಗೆಯ ಕೆಳಗೆ ಐದನೆಯ ಚಕ್ರ ಭದ್ರವಾಗಿದೆ.

ಅಷ್ಟರಲ್ಲಿ ಕೆನಡಾದ ಎಡ್ಮಂಟನ್ನಿನಿಂದ ಮಗಳ ವಿಡಿಯೊ ಕಾಲ್. ಅಲ್ಲಿ ಬೆಳಗಿನ ಎಂಟೂವರೆ, ಮೈನಸ್ ಇಪ್ಪತ್ತರ ಆಚೆ. ರಾತ್ರಿಯಿಡೀ ಎಂಜಿನ್ನಿಗೆ ಕರೆಂಟಿನ ಹೀಟರ್ ಚುಚ್ಚಿಟ್ಟಿದ್ದ ಕಾರನ್ನು ಬಿಡಿಸಿಕೊಂಡು, ಗಾಜಿನ ಮೇಲಿನ ಹಿಮ ಕೆರೆಯುತ್ತಲೇ ಮಾತು.

“ಅಮ್ಮಾ, ಗಾಡೀಲಿ ಕಂಬಳಿ ಇಟ್ರಾ?”

“ಎರಡಿದೆ ಕಣೇ. ನಿಮ್ಮಪ್ಪಂಗೆ ಕುಲಾವೀನೂ ಇಟ್ಟಿದೀನಿ.”

ಅವಳು ಫೋನ್ ತಿರುಗಿಸಿ ತನ್ನ ಡಿಕ್ಕಿ ತೋರಿಸಿದಳು. ಸಲಿಕೆ, ಚಕ್ರ ಜಾರಿದರೆ ಕೆಳಗೆ ಎರಚಲು ಮರಳಿನ ಚೀಲ, ಜಂಪರ್ ಕೇಬಲ್, ದಪ್ಪ ಬೂಟು, ಕಂಬಳಿ, ಆಳವಾದೊಂದು ತಗಡಿನ ಡಬ್ಬಿಯಲ್ಲಿ ಮೇಣದಬತ್ತಿ ಮತ್ತು ಬೆಂಕಿಪೊಟ್ಟಣ. ಹಿಮದಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ಇಳಿಯಕೂಡದು ಎನ್ನುವುದು ಅಲ್ಲಿನ ಮೊದಲ ಪಾಠ. ಗಂಟೆಗೆ ಹತ್ತು ನಿಮಿಷ ಎಂಜಿನ್ ಹಾಕಬೇಕು, ಅದಕ್ಕೂ ಮೊದಲು ಹೊಗೆಕೊಳವೆಗೆ ಮೆತ್ತಿದ ಹಿಮ ತೆಗೆಯಬೇಕು, ಕಿಟಕಿ ಬೆರಳಗಲ ತೆರೆದಿರಬೇಕು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರೀ ಗಿರಿಧಾಮದಲ್ಲಿ ಹಿಮಕ್ಕೆ ಸಿಕ್ಕಿ ಕಾರುಗಳೊಳಗೇ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ಸತ್ತರಲ್ಲ, ಚಳಿಯಷ್ಟೇ ಅಲ್ಲ, ವಿಷಗಾಳಿಯೂ ಅಲ್ಲಿ ಕೆಲಸ ಮಾಡಿತ್ತು.

ನಮ್ಮ ಚಳಿ ಅಂಥದ್ದಲ್ಲ. ಬೆಂಗಳೂರು ಕಂಡ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕಂಬಳಿಯಿಲ್ಲದೆ ಕಾರಿನಲ್ಲಿ ರಾತ್ರಿ ಕಳೆದರೆ ನೆಗಡಿಯಾದೀತು, ಅಷ್ಟೇ. ನಮ್ಮ ಚಳಿಗಾಲ ಕೊಲ್ಲುವುದು ಮಂಜಿನ ಮೂಲಕ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ. ಕೆರೆ, ಗದ್ದೆ, ಹೊಳೆಗಳ ಮೇಲಿನ ತೇವದ ಗಾಳಿ ಆ ತಣ್ಣನೆಯ ನೆಲಕ್ಕೆ ತಾಗಿ ಅಲ್ಲೇ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಕುಣಿಗಲ್ ಕೆರೆ ಬಯಲಿನಿಂದ ಹೇಮಾವತಿಯ ಸೇತುವೆವರೆಗೆ ಎಲ್ಲಿ ಬೇಕಾದರೂ ಅದು ಸಿಕ್ಕೀತು. ನಾಲ್ಕಕ್ಕೆ ಹೊರಟರೆ ಟ್ರಾಫಿಕ್ ಇರುವುದಿಲ್ಲ ಎಂದು ನಾವು ಲೆಕ್ಕ ಹಾಕುತ್ತೇವೆ. ಸೂರ್ಯೋದಯದ ಆಸುಪಾಸಿನ ಅತಿ ದಟ್ಟ ಮಂಜಿಗೂ ನಮ್ಮ ಕಾರಿಗೂ ಮುಹೂರ್ತ ಕೂಡಿಸಿದಂತಾಗುತ್ತದೆ. ಇನ್ನು ಸಕಲೇಶಪುರದ ಆಚೀಚೆ ಕಾಫಿ ಕುಯ್ಲಿನ ಕಾಲ, ಆಳುಗಳನ್ನು ತುಂಬಿದ ಪಿಕಪ್ಪುಗಳು ತೋಟದ ರಸ್ತೆಗಳಿಂದ ಸರಕ್ಕನೆ ಹೆದ್ದಾರಿಗೆ ಬರುತ್ತವೆ.

ಹಾಗಾಗಿ ಇಲ್ಲಿನ ಪಾಠ ಎಡ್ಮಂಟನ್ನಿನ ಪಾಠಕ್ಕೆ ತಿರುಗುಮುರುಗು: ಹೆದ್ದಾರಿಯಲ್ಲಿ ಕಾರು ಕೆಟ್ಟರೆ ಒಳಗೆ ಕೂರಬೇಡಿ. ಎಲ್ಲರೂ ಎಡಬಾಗಿಲಿಂದಿಳಿದು ತಡೆಬೇಲಿಯ ಆಚೆ ನಿಲ್ಲಬೇಕು. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ನುಂಗುತ್ತದೆ. ನಿಂತ ಕಾರು ಚಾಲಕನಿಗೆ ಐವತ್ತು ಮೀಟರ್ ದೂರದಲ್ಲಿ ಕಂಡರೆ ಅವನಿಗೆ ಉಳಿಯುವುದು ಎರಡು ಸೆಕೆಂಡು ಚಿಲ್ಲರೆ. ಮುಂದೆ ದಾರಿ ಕಾಣದಷ್ಟು ಮಂಜಿದ್ದರೆ ಹೈಬೀಮ್ ಹಾಕಿಯೂ ಸುಖವಿಲ್ಲ, ಬೆಳಕೆಲ್ಲ ಬಿಳಿಗೋಡೆಯಾಗಿ ಕಣ್ಣಿಗೇ ವಾಪಸು. ಲೋಬೀಮ್ ಇಟ್ಟುಕೊಂಡು ಮೆಲ್ಲಗೆ ಸಾಗಿ, ಪೆಟ್ರೋಲ್ ಬಂಕೋ ಹೋಟೆಲ್ ಅಂಗಳವೋ ಸಿಕ್ಕಲ್ಲಿ ಒಳಗೆ ಹೊಕ್ಕುಬಿಡುವುದು ಲೇಸು. ರಸ್ತೆಯಂಚು ಮಾತ್ರ ಬೇಡ.

ಗ್ಲೋವ್ ಬಾಕ್ಸಿಗೆ ಸೊಸೆ ಒಂದು ಚೀಟಿ ಅಂಟಿಸಿದಳು: 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಗೆ 1033, ಮನೆಯವರ ರಕ್ತದ ಗುಂಪು, ವಿಮೆ ಪಾಲಿಸಿಯ ಸಂಖ್ಯೆ. ಎಲ್ಲವೂ ಫೋನಿನಲ್ಲಿದೆ ನಿಜ, ಆದರೆ ಶಿರಾಡಿಯ ಕೆಲವು ತಿರುವುಗಳಲ್ಲಿ ಫೋನಿಗೇ ಉಸಿರಿರುವುದಿಲ್ಲ. ಇವರು ಹಾದುಹೋಗುವ ನೆಲಮಂಗಲದ ಹತ್ತಿರವೇ 2016ರ ಫೆಬ್ರವರಿಯಲ್ಲಿ ಗುಬ್ಬಿಯ ಹರೀಶ್ ನಂಜಪ್ಪ ಲಾರಿಗೆ ಸಿಕ್ಕು ದೇಹ ಎರಡಾಗಿದ್ದರೂ ಅಂಗದಾನದ ಮಾತಾಡಿದ್ದು, ಅವರ ಕಣ್ಣುಗಳು ದಾನವಾದದ್ದು. ಅದರ ಮರುತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಸಾಂತ್ವನ ಯೋಜನೆ ತಂದು, ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಯ ತುರ್ತು ಚಿಕಿತ್ಸೆಯ ಹೊಣೆ ಹೊತ್ತುಕೊಂಡಿತು. ಈ ಮಾತು ಬಂದಾಗ ಮನೆಯಾಕೆ “ರಾತ್ರಿ ಹೊತ್ತು ಅದೆಲ್ಲ ಯಾಕೆ” ಎಂದು ಫ್ಲಾಸ್ಕಿನ ಮುಚ್ಚಳ ಇನ್ನೊಮ್ಮೆ ಬಿಗಿದರು.

ಕೊನೆಗೆ ಉಳಿದದ್ದು ತ್ರಿಕೋನ. ಕೆಂಪಗೆ ಹೊಳೆಯುವ ಆ ಎಚ್ಚರಿಕೆ ಫಲಕ ಹೊಸ ಕಾರಿನ ಜೊತೆಗೇ ಬರುತ್ತದೆ, ಬಹುಪಾಲು ಮನೆಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯಲ್ಲೇ ಮುಪ್ಪಾಗುತ್ತದೆ. ಈ ಕಾರಿನದು ಸ್ಟೆಪ್ನಿಯ ಪಕ್ಕ, ಹಲಗೆಯ ಕೆಳಗೆ, ಆ ಹಲಗೆಯ ಮೇಲೆ ಈಗಷ್ಟೇ ಜೋಡಿಸಿಟ್ಟ ಪುಳಿಯೋಗರೆ, ಚಪಾತಿ, ನಿಪ್ಪಟ್ಟು.

“ಕತ್ತಲಲ್ಲಿ ಗಾಡಿ ಕೆಟ್ರೆ, ಇದನ್ನೆಲ್ಲ ಇಳಿಸ್ತಾ ಡಿಕ್ಕಿ ಹಿಂದೆ ನಿಂತಿರ್ತೀವಾ?” ಮಗನ ಪ್ರಶ್ನೆ. ಲಾರಿ ಬಂದು ಗುದ್ದುವ ಜಾಗವೇ ಅದು.

ಡಬ್ಬಿಗಳು ಮತ್ತೆ ಜಗುಲಿ ಕಂಡವು. ತ್ರಿಕೋನ, ಟಾರ್ಚು, ಪೌರಕಾರ್ಮಿಕರು ತೊಡುವಂಥ ಹೊಳೆವ ಪಟ್ಟಿಯ ಜಾಕೆಟ್, ಮೂರಕ್ಕೂ ಮುಂದಿನ ಸೀಟಿನಡಿ ಜಾಗವಾಯಿತು. ಒಮ್ಮೆ ಬಿಡಿಸಿ ನೋಡೋಣ ಎಂದು ಯಜಮಾನರು ಕನ್ನಡಕ ಏರಿಸಿ ಕೂತರು. ಕಾಲು ಬಿಡಿಸಿದರೆ ರೆಕ್ಕೆ ಮಡಿಸಿಕೊಳ್ಳುತ್ತದೆ, ರೆಕ್ಕೆ ಸಿಕ್ಕಿಸಿದರೆ ಕಾಲು ಕಳಚುತ್ತದೆ. ಅಂತೂ ನಿಂತಿತು. ಜಾಕೆಟ್ ತೊಟ್ಟು, ತ್ರಿಕೋನವನ್ನು ಎದೆಗೆ ಹಿಡಿದು, ಹೆಜ್ಜೆ ಎಣಿಸುತ್ತ ಅಡ್ಡರಸ್ತೆಯ ಆ ತುದಿಗೆ ಹೋಗಿ ಇಟ್ಟರು.

ಕದಿರೇನಹಳ್ಳಿ ಕಡೆಯಿಂದ ಬಂದ ಎದುರುಮನೆಯ ಹುಡುಗ ಬೆಳಕು ಕಂಡು ಸ್ಕೂಟರ್ ಅಲ್ಲೇ ನಿಲ್ಲಿಸಿದ.

“ಏನ್ ಅಂಕಲ್, ಗಾಡಿ ಕೆಟ್ಟೋಯ್ತಾ?”

“ಇಲ್ಲಪ್ಪ, ನಾಳೆ ಕೆಟ್ರೆ ಇರ್ಲಿ ಅಂತ ಪ್ರಾಕ್ಟೀಸು.”

ಗೇಟಿನ ಒಳಗಿಂದ ಮನೆಯಾಕೆಯ ದನಿ: “ಬಿಡ್ತು ಅನ್ರೀ!”