ಲೆಕ್ಕದ ವಾಕ್ಯವೂ ಗಣಿತದ ಮಾದರಿಯೂ

ಲೋಕವ್ಯವಹಾರದ ಸಮಸ್ಯೆಯೊಂದನ್ನು ಸಂಖ್ಯೆ ಮತ್ತು ಚಿಹ್ನೆಗಳ ಸಂಬಂಧವಾಗಿ ನಿರೂಪಿಸಿದಾಗ ಅದು ಗಣಿತದ ಮಾದರಿ ಎನಿಸುತ್ತದೆ. ಕನ್ನಡ ನಾಡಿಗೆ ಇದು ಹೊಸದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ಇಂತಹ ಗ್ರಂಥಗಳಲ್ಲಿ ಸಮೀಕರಣವು ಇಂದಿನ ಚಿಹ್ನೆಗಳಲ್ಲಿ ಇರಲಿಲ್ಲ. ಪದ್ಯದ ಮಾತಿನೊಳಗೆ ಅಡಗಿತ್ತು. ಹೀಗಾಗಿ ಲೆಕ್ಕ ಬಿಡಿಸುವವನು ಮೊದಲು ಒಳ್ಳೆಯ ಓದುಗನಾಗಬೇಕಿತ್ತು.

ಮಹಾವೀರಾಚಾರ್ಯನು ನಿರೂಪಿಸಿದ ವರ್ಗಮೂಲದ ಲೆಕ್ಕಗಳ ಜಾತಿಗೆ ಸೇರುವ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಗಿಳಿವಿಂಡೊಂದರ ಕಾಲುಭಾಗ ಜೋಳದ ಹೊಲದಲ್ಲಿ ಉಳಿಯಿತು. ಇಡೀ ಹಿಂಡಿನ ವರ್ಗಮೂಲದ ಮೂರರಷ್ಟು ಹುಣಸೆಮರಕ್ಕೆ ಹಾರಿತು. ಮಿಕ್ಕ 24 ಗಿಳಿಗಳು ಕೆರೆಯ ಏರಿಯ ಮೇಲೆ ಕುಳಿತವು. ಗಿಳಿಗಳು ಒಟ್ಟು ಎಷ್ಟು?

ತಿಳಿಯದ ಸಂಖ್ಯೆಗೆ ಹೆಸರಿಡುವುದು ಮೊದಲ ಹೆಜ್ಜೆ. ಅಂತಹ ಸಂಖ್ಯೆಯನ್ನು ಪ್ರಾಚೀನರು ‘ಅವ್ಯಕ್ತ’ವೆಂದೂ ‘ಯಾವತ್ತಾವತ್’ ಎಂದೂ ಕರೆದರು. ಇಲ್ಲಿ ವರ್ಗಮೂಲವನ್ನು ‘ಮ’ ಎಂದರೆ ಇಡೀ ಹಿಂಡು ಮ² ಆಗುತ್ತದೆ. ವಾಕ್ಯವು ಹೀಗೆ ರೂಪಾಂತರಗೊಳ್ಳುತ್ತದೆ:

ಮ² = ಮ²/4 + 3ಮ + 24

ಇದನ್ನು ಸರಳಗೊಳಿಸಿದರೆ ಮ² − 4ಮ − 32 = 0, ಅಂದರೆ (ಮ − 8)(ಮ + 4) = 0. ಮ ಎಂಬುದಕ್ಕೆ 8 ಮತ್ತು −4 ಎಂಬ ಎರಡು ಬೆಲೆಗಳು ದೊರೆಯುತ್ತವೆ.

ಸಮೀಕರಣ ಬಿಡಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದಿಲ್ಲ. ಹುಣಸೆಮರಕ್ಕೆ −12 ಗಿಳಿಗಳು ಹಾರಲಾರವು. ಆದ್ದರಿಂದ −4 ತ್ಯಾಜ್ಯ. ಮ = 8 ಆದಾಗ ಹಿಂಡಿನಲ್ಲಿ 64 ಗಿಳಿಗಳು. ಹೊಲದಲ್ಲಿ 16, ಮರದಲ್ಲಿ 24, ಏರಿಯ ಮೇಲೆ 24, ಒಟ್ಟು 64. ಲೆಕ್ಕ ತಾಳೆಯಾಗುತ್ತದೆ.

ಮೂಲ ವಾಕ್ಯದಲ್ಲಿ ‘ಇಡೀ ಹಿಂಡಿನ’ ಎಂಬುದರ ಬದಲು ‘ಹೊಲದಿಂದ ಹೊರಟವುಗಳ’ ಎಂದಿದ್ದರೆ ಏನಾಗುತ್ತಿತ್ತು? ಹಾಗೆ ಹೊರಟವುಗಳ ವರ್ಗಮೂಲವೇ ‘ಮ’ ಆಗಿ, ಸಮೀಕರಣ ಮ² = 3ಮ + 24 ಎಂದು ಬದಲಾಗುತ್ತದೆ. ಆಗ ಹಿಂಡಿನ ಸಂಖ್ಯೆ ಸುಮಾರು 58.5 ಎಂದು ಬರುತ್ತದೆ; ಅರ್ಧ ಗಿಳಿ ಎಲ್ಲಿಯೂ ಇಲ್ಲ. ಷಷ್ಠೀ ವಿಭಕ್ತಿಯ ಒಂದು ಪದ ಯಾವುದಕ್ಕೆ ಅನ್ವಯಿಸುತ್ತದೆಂಬುದನ್ನು ತಪ್ಪಾಗಿ ಗ್ರಹಿಸಿದರೆ, ಮುಂದಿನ ಗಣಿತವೆಲ್ಲ ಸರಿಯಾಗಿದ್ದರೂ ಉತ್ತರ ಕೆಡುತ್ತದೆ.

ಹಳಗನ್ನಡ ಪದ್ಯಕ್ಕೆ ಅನ್ವಯ ಬರೆಯುವ ವಿದ್ಯಾರ್ಥಿಗೆ ಈ ಎಚ್ಚರ ಪರಿಚಿತವಾದುದೇ. ರಾಜಾದಿತ್ಯನ ಕೃತಿಯನ್ನು ಓದುವಾಗ ಪದ್ಯದ ಅನ್ವಯವನ್ನೂ ಅದರ ಸಮೀಕರಣವನ್ನೂ ಒಟ್ಟಿಗೆ ಬರೆದುಕೊಂಡರೆ, ಕೃತಿಯ ಭಾಷೆ ಮತ್ತು ಗಣಿತ ಎರಡೂ ತಿಳಿಯಾಗುತ್ತವೆ.