ದಾಯಾದಿಗಳು ಕಟ್ಟಿದ ಕಣಿವೆ

ನೇಪಾಳದ ಕಾಠ್ಮಂಡು ಕಣಿವೆಯಲ್ಲಿ ಒಂದು ಕಾಲಕ್ಕೆ ಮೂರು ರಾಜಧಾನಿಗಳಿದ್ದವು. 1482ರಲ್ಲಿ ಯಕ್ಷ ಮಲ್ಲ ತೀರಿಕೊಂಡ ಮೇಲೆ ರಾಜ್ಯ ಹಂಚಿಹೋಗಿ, ಕಾಠ್ಮಂಡು, ಪಾಟನ್, ಭಕ್ತಪುರಗಳಲ್ಲಿ ಮಲ್ಲ ದೊರೆಗಳ ಬೇರೆ ಬೇರೆ ಗದ್ದುಗೆಗಳಾದವು. ಒಂದೂರಿಂದ ಇನ್ನೊಂದಕ್ಕೆ ಅರ್ಧ ದಿನದ ನಡಿಗೆಯೂ ಇಲ್ಲ. ದಾಯಾದಿಗಳು ಕಾದಾಡಿದ್ದುಂಟು, ಆದರೆ ಇಂದು ಕಾಣಸಿಗುವುದು ಅವರು ಪೈಪೋಟಿಗೆ ಬಿದ್ದು ಕಟ್ಟಿಸಿದ್ದು. ಕೆಲಸವೆಲ್ಲ ನೇವಾರ ಕುಶಲಕರ್ಮಿಗಳದು: ಕೆಂಪು ಇಟ್ಟಿಗೆಯ ಗೋಡೆ, ಕೆತ್ತನೆಯ ಮರದ ಕಿಟಕಿ.

ಮೂರರಲ್ಲಿ ಮೊದಲು ನೋಡಬೇಕಾದ್ದು ಭಕ್ತಪುರ. ಐವತ್ತೈದು ಕಿಟಕಿಗಳ ಅರಮನೆ ಅಲ್ಲಿದೆ. ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ ಐದು ಅಂತಸ್ತಿನ ನ್ಯಾತಪೋಲ ದೇಗುಲವೂ ಅಲ್ಲೇ. ಅದರ ಮೆಟ್ಟಿಲುಗಳ ಇಕ್ಕೆಲಗಳಲ್ಲಿ ಜೋಡಿ ಕಾವಲುಗಾರರು: ಕೆಳಗೆ ಜಟ್ಟಿಗಳು, ಮೇಲೆ ಆನೆ, ಸಿಂಹ, ಹದ್ದುಮೊಗದ ಸಿಂಹ, ತುದಿಯಲ್ಲಿ ದೇವತೆಗಳು. ಒಂದೊಂದು ಜೋಡಿಗೂ ಕೆಳಗಿನದರ ಹತ್ತು ಪಟ್ಟು ಬಲವೆಂಬುದು ನಂಬಿಕೆ. 1934 ಮತ್ತು 2015ರ ಭೂಕಂಪಗಳೆರಡನ್ನೂ ಈ ಗುಡಿ ತಾಳಿಕೊಂಡಿತು.

ಪಾಟನ್‌ನಲ್ಲಿ ಮರ ಬಿಟ್ಟು ಕಲ್ಲಿಗೆ ಬರಬೇಕು. ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಪೂರೈಸಿದ ಕೃಷ್ಣ ಮಂದಿರದ ಅಡ್ಡಪಟ್ಟಿಗಳಲ್ಲಿ ಮಹಾಭಾರತ, ರಾಮಾಯಣಗಳ ಕಥೆ ಸಾಲಾಗಿ ಸಾಗುತ್ತದೆ.

ಕಾಠ್ಮಂಡುವಿನ ಹನುಮಾನ್ ಢೋಕಾ ಅರಮನೆಯ ಗೋಡೆಯಲ್ಲಿ ಪ್ರತಾಪ ಮಲ್ಲ ಹಾಕಿಸಿದ 17ನೇ ಶತಮಾನದ ಬಹುಭಾಷಾ ಶಾಸನವಿದೆ. ಫ್ರೆಂಚಿನ ಒಂದೆರಡು ಪದಗಳೂ ಅದರಲ್ಲಿವೆ. ದೊರೆಗೆ ತನ್ನ ಪಾಂಡಿತ್ಯ ತೋರಿಸಿಕೊಳ್ಳುವ ಆಸೆ ಬಹಳವಿತ್ತು! ಎದುರಿಗೇ 1757ರ ಕುಮಾರಿ ಮನೆ. ಅಲ್ಲಿ ಬೌದ್ಧ ಶಾಕ್ಯ ಮನೆತನದ ಬಾಲೆ ಹಿಂದೂಗಳ ತಲೇಜು ದೇವಿಯಾಗಿ ಪೂಜೆಗೊಳ್ಳುತ್ತಾಳೆ. ಈ ಕಣಿವೆಯಲ್ಲಿ ಎರಡು ಧರ್ಮಗಳ ನಡುವೆ ಗೆರೆ ಎಳೆಯುವುದು ಕಷ್ಟ. ಅದೇ ಚೌಕದ ಗದ್ದಿ ಬೈಠಕ್ ಮಾತ್ರ ರಾಣಾ ಪ್ರಧಾನಿಗಳ ಕಾಲದ್ದು; ಯುರೋಪಿನ ಮಾದರಿಯ ಆ ಬಿಳಿ ಕಟ್ಟಡ ಕೆಂಪು ಇಟ್ಟಿಗೆಗಳ ನಡುವೆ ವಿಳಾಸ ತಪ್ಪಿ ಬಂದ ನೆಂಟನಂತಿದೆ.

ಮೂರೂ ದರ್ಬಾರ್ ಚೌಕಗಳ ಜತೆ ಸ್ವಯಂಭೂ, ಬೌದ್ಧನಾಥ ಸ್ತೂಪಗಳು, ಪಶುಪತಿನಾಥ ಹಾಗೂ ಚಾಂಗು ನಾರಾಯಣ ದೇಗುಲಗಳು 1979ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಶುಪತಿನಾಥನ ಮುಖ್ಯ ಅರ್ಚಕರು ಕರ್ನಾಟಕ ಮೂಲದ ಭಟ್ಟರು.

ಕೊನೆಯ ಅರಮನೆ, ಮಲ್ಲರ ನಂತರ ಆಳಿದ ಶಾ ವಂಶದ ನಾರಾಯಣಹಿಟಿ. 2001ರ ಜೂನ್ 1ರಂದು ರಾಜ ಬೀರೇಂದ್ರರ ಕುಟುಂಬದ ಹತ್ಯೆ ನಡೆದದ್ದು ಇದರ ಆವರಣದಲ್ಲೇ. 2008ರಲ್ಲಿ ರಾಜಪ್ರಭುತ್ವ ರದ್ದಾದ ಬಳಿಕ ಅದು ವಸ್ತುಸಂಗ್ರಹಾಲಯವಾಗಿದೆ.